ಎದುರು ಕುಳಿತು ಕೇಳುವವರು: ‘ಅಡಾಲಸೆನ್ಸ್’ ಸರಣಿಯ ಮೂರನೆಯ ಕಂತು ಮತ್ತು ಶಿರಸಿಯ ಒಂದು ಜಗಲಿ – ಪ್ರಕರಣ ಅಧ್ಯಯನ

ಶಿರಸಿ ತಾಲೂಕಿನ ಒಂದು ಹಳ್ಳಿಮನೆಯ ಜಗಲಿಯಲ್ಲಿ, ಮಳೆಗಾಲದ ಒಂದು ಭಾನುವಾರ, ಕೆಲವು ಪ್ರೌಢಶಾಲಾ ಶಿಕ್ಷಕರೂ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳ ಪಾಲಕರೂ ಒಟ್ಟಿಗೆ ಕುಳಿತು ‘ಅಡಾಲಸೆನ್ಸ್’ ಎಂಬ ಬ್ರಿಟಿಷ್ ಅಪರಾಧ ಸರಣಿಯ ಮೂರನೆಯ ಕಂತನ್ನು ನೋಡಿದರು. ಕಂತು ಒಂದು ಗಂಟೆಯೊಳಗೆ ಮುಗಿಯಿತು; ಅದರ ಮೇಲಿನ ಮಾತು ದೀಪ ಹಚ್ಚುವ ಹೊತ್ತಿನವರೆಗೂ ಮುಗಿಯಲಿಲ್ಲ. ಆ ಮಾತು ಎಲ್ಲಿಂದ ಹೊರಟಿತು, ಎಲ್ಲಿ ಸಿಕ್ಕಿಕೊಂಡಿತು, ಯಾವ ಪ್ರಶ್ನೆಯನ್ನು ಬಿಟ್ಟು ಯಾವ ಪ್ರಶ್ನೆಯನ್ನು ಹಿಡಿಯಿತು ಎಂಬುದನ್ನು ದಾಖಲಿಸುವುದು ಈ ಅಧ್ಯಯನದ ಉದ್ದೇಶ. ಮಕ್ಕಳ ಕಾನೂನಿನ ಬಗ್ಗೆ ಶಾಲೆಗಳಲ್ಲಿ ಮಾತನಾಡುವ ವಕೀಲೆಯಾಗಿ ಅಂದಿನ ಚರ್ಚೆಯನ್ನು ನಡೆಸಿಕೊಟ್ಟವಳು ನಾನು. ಆದ್ದರಿಂದ ಅಲ್ಲಿ ಕುಳಿತವರ ಮಾತು ಯಾವುದು, ನನ್ನ ತೀರ್ಮಾನ ಯಾವುದು ಎಂಬುದನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದೇನೆ. ಯಾರ ಹೆಸರನ್ನೂ ಯಾವ ಶಾಲೆಯ ಗುರುತನ್ನೂ ಕೊಟ್ಟಿಲ್ಲ.

ಸರಣಿಯ ಪರಿಚಯ ಇಷ್ಟು ಸಾಕು. 2025ರ ಮಾರ್ಚ್ 13ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಈ ಸರಣಿಯಲ್ಲಿ ನಾಲ್ಕೇ ಕಂತುಗಳಿವೆ. ಬರೆದವರು ಜಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರಹಾಂ, ನಿರ್ದೇಶಿಸಿದವರು ಫಿಲಿಪ್ ಬರಾಂಟಿನಿ. ಇಂಗ್ಲೆಂಡಿನ ಉತ್ತರ ಭಾಗದ ಒಂದು ಪಟ್ಟಣದಲ್ಲಿ ಹದಿಮೂರು ವರ್ಷದ ಜೇಮೀ ಮಿಲ್ಲರ್ ಎಂಬ ಹುಡುಗನನ್ನು, ತನ್ನದೇ ಶಾಲೆಯ ಕೇಟೀ ಎಂಬ ಹುಡುಗಿಯನ್ನು ಇರಿದು ಕೊಂದ ಆರೋಪದ ಮೇಲೆ, ಬೆಳಗಿನ ಜಾವ ಪೊಲೀಸರು ಮನೆಯ ಬಾಗಿಲು ಒಡೆದು ಹಿಡಿದುಕೊಂಡು ಹೋಗುತ್ತಾರೆ. ಅವನೇ ಇರಿದದ್ದು ಎಂಬುದು ಮೊದಲ ಕಂತಿನ ಕೊನೆಗೇ ಸಿಸಿಟಿವಿ ದೃಶ್ಯದಲ್ಲಿ ಕಾಣಿಸಿಬಿಡುತ್ತದೆ. ಎರಡನೆಯ ಕಂತು ಶಾಲೆಯಲ್ಲಿ ನಡೆಯುತ್ತದೆ. ನಾಲ್ಕನೆಯದು ಹದಿಮೂರು ತಿಂಗಳ ನಂತರ, ಹುಡುಗನ ತಂದೆಯ ಐವತ್ತನೆಯ ಹುಟ್ಟುಹಬ್ಬದ ದಿನ. ಮೂರನೆಯದರಲ್ಲಿ, ಕೊಲೆಯಾಗಿ ಏಳು ತಿಂಗಳಾದ ಮೇಲೆ, ಮಕ್ಕಳನ್ನು ಕಾವಲಿನಲ್ಲಿಡುವ ಕೇಂದ್ರದ ಒಂದು ಕೋಣೆಯಲ್ಲಿ ಇಬ್ಬರು ಎದುರುಬದುರು ಕುಳಿತಿದ್ದಾರೆ: ಜೇಮೀ, ಮತ್ತು ನ್ಯಾಯಾಲಯಕ್ಕೆ ವರದಿ ಸಲ್ಲಿಸಬೇಕಾದ ಮನಶ್ಶಾಸ್ತ್ರಜ್ಞೆ ಬ್ರಯೋನಿ ಅರಿಸ್ಟನ್. ಪ್ರತಿಯೊಂದು ಕಂತೂ ಎಲ್ಲಿಯೂ ಕತ್ತರಿ ಹಾಕದೆ, ಕ್ಯಾಮೆರಾ ಒಮ್ಮೆ ಹೊರಟರೆ ಕೊನೆಯವರೆಗೂ ನಿಲ್ಲದೆ, ಒಂದೇ ಉಸಿರಿನಲ್ಲಿ ಚಿತ್ರಿತವಾಗಿದೆ. ಜೇಮೀಯಾಗಿ ನಟಿಸಿದ ಓವನ್ ಕೂಪರ್‌ಗೆ ಇದು ಮೊದಲ ನಟನೆ, ಅದರಲ್ಲಿಯೂ ಎಲ್ಲಕ್ಕಿಂತ ಮೊದಲು ಚಿತ್ರೀಕರಿಸಿದ್ದು ಈ ಮೂರನೆಯ ಕಂತನ್ನೇ. ಮುಂದೆ 2025ರ ಸೆಪ್ಟೆಂಬರ್‌ನಲ್ಲಿ ಅವನಿಗೂ ಬ್ರಯೋನಿಯ ಪಾತ್ರದ ಎರಿನ್ ಡೊಹರ್ಟಿಗೂ ಪೋಷಕ ನಟನೆಯ ಎಮ್ಮಿ ಪ್ರಶಸ್ತಿ ಬಂತು. ಆಗ ಅವನ ವಯಸ್ಸು ಹದಿನೈದು.

ಈ ಕಂತನ್ನೇ ಏಕೆ ಆರಿಸಿದೆ?

ಶಿಕ್ಷಕರು ಮೊದಲು ಕೇಳಿದ್ದು ಎರಡನೆಯ ಕಂತನ್ನು. ಶಾಲೆ, ಮೊಬೈಲ್, ಇನ್‌ಸ್ಟಾಗ್ರಾಂ, ದೊಡ್ಡವರಿಗೆ ಅರ್ಥವಾಗದ ಇಮೋಜಿಗಳ ಗುಪ್ತಭಾಷೆ, ಎಲ್ಲವೂ ಅದರಲ್ಲಿದೆ. ಆದರೆ ಅದನ್ನು ನೋಡಿದವರು ‘ಮೊಬೈಲಿನಿಂದ ಮಕ್ಕಳು ಕೆಟ್ಟರು’ ಎಂಬ ಮೊದಲೇ ಸಿದ್ಧವಾಗಿರುವ ತೀರ್ಮಾನಕ್ಕೆ ಬಂದು, ಸಮಾಧಾನದಿಂದ ಮನೆಗೆ ಹೋಗುವ ಸಂಭವ ಹೆಚ್ಚು ಎಂದು ನನಗೆ ಅನ್ನಿಸಿತು. ಮೂರನೆಯ ಕಂತಿನಲ್ಲಿ ಆ ಸಮಾಧಾನಕ್ಕೆ ಎಡೆಯಿಲ್ಲ. ಅಲ್ಲಿ ಒಬ್ಬ ಹುಡುಗ ಬಾಯಿಬಿಟ್ಟು ಮಾತನಾಡುತ್ತಾನೆ, ಒಬ್ಬ ಹಿರಿಯಳು ಅದನ್ನು ಕೇಳುತ್ತಾಳೆ. ಶಾಲೆಯಲ್ಲಿಯೂ ಮನೆಯಲ್ಲಿಯೂ ನಾವು ಮಾಡುವುದಕ್ಕೆ ಅತ್ಯಂತ ಹತ್ತಿರವಾದ ಕೆಲಸ ಅದು, ನಾವು ಅತ್ಯಂತ ಕಡಿಮೆ ಮಾಡುವ ಕೆಲಸವೂ ಅದೇ.

ಇನ್ನೊಂದು ಕಾರಣ ನಮ್ಮ ಸೀಮೆಗೆ ಸೇರಿದ್ದು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ, ಶಿರಸಿ–ಸಿದ್ದಾಪುರದ ಕಡೆ ಮನೆಯ ಜಗಲಿಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರು ಕುಳಿತು ಮಾತಿನಲ್ಲಿಯೇ ಪ್ರಸಂಗವನ್ನು ಕಟ್ಟುತ್ತಾರೆ. ವಾಲಿ ಸಾಯುತ್ತಾನೆ ಎಂಬುದು ಜಗಲಿಯಲ್ಲಿ ಕುಳಿತ ಮಗುವಿಗೂ ಗೊತ್ತು. ಬಾಣ ನೆಟ್ಟ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಏನು ಹೇಳುತ್ತಾನೆ ಎಂಬುದನ್ನು ಕೇಳುವುದಕ್ಕಾಗಿ ಜನ ರಾತ್ರಿಯಿಡೀ ಕೂರುತ್ತಾರೆ. ಕೊಲೆ ಮಾಡಿದವರು ಯಾರು ಎಂಬ ಕುತೂಹಲವನ್ನು ಮೊದಲ ಕಂತಿನಲ್ಲಿಯೇ ತೀರಿಸಿಬಿಟ್ಟು, ಮೂರನೆಯದರಲ್ಲಿ ಇಬ್ಬರನ್ನು ಕುರ್ಚಿಯಲ್ಲಿ ಕೂರಿಸುವ ಈ ಸರಣಿ ಅದೇ ಬಗೆಯ ಕೇಳುಗರನ್ನು ಬೇಡುತ್ತದೆ. ಐವತ್ತು ನಿಮಿಷ ಬರೀ ಮಾತು ಎಂದರೆ ಪಾಲಕರು ಎದ್ದುಹೋದಾರು ಎಂಬ ಅಂಜಿಕೆ ಶಿಕ್ಷಕರಿಗಿತ್ತು, ಯಾರೂ ಏಳಲಿಲ್ಲ. ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಂಡಾಗಲೂ ಯಾರ ತಲೆಯೂ ಆ ಕಡೆ ತಿರುಗಲಿಲ್ಲ.

ಕಂತನ್ನು ನಡುನಡುವೆ ನಿಲ್ಲಿಸಿ ವಿವರಿಸಬಾರದೆಂದು ಮೊದಲೇ ನಿರ್ಧರಿಸಿದ್ದೆ, ಏಕೆಂದರೆ ಕಡಿಯದೆ ಚಿತ್ರಿಸಿದ್ದನ್ನು ಕಡಿದು ತೋರಿಸಿದರೆ ಅದರ ಜೀವವೇ ಹೋಗುತ್ತದೆ. ಅದರ ಬದಲು ಹಿಂದಿನ ಎರಡು ಕಂತುಗಳ ಕಥೆಯನ್ನೂ ಈ ಕಂತಿನ ಮುಖ್ಯ ಮಾತುಗಳ ಕನ್ನಡ ಸಾರಾಂಶವನ್ನೂ ಒಂದು ಹಾಳೆಯಲ್ಲಿ ಬರೆದು ಹಂಚಿದ್ದೆ. ಇಂಗ್ಲಿಷ್ ಅಡಿಬರಹವನ್ನು ವೇಗವಾಗಿ ಓದಲಾರದವರಿಗೆ ಅದು ಸಾಕಾಯಿತು.

ಕೋಣೆಯೊಳಗೆ ನಡೆಯುವುದು

ಬ್ರಯೋನಿ ಬರುವಾಗ ಹುಡುಗನಿಗೆಂದು ಬಿಸಿ ಚಾಕಲೇಟ್ ಪಾನೀಯವನ್ನು ಮಾರ್ಷ್‌ಮೆಲೋ ಹಾಕಿ ತರುತ್ತಾಳೆ, ಜೊತೆಗೆ ತನ್ನ ಸ್ಯಾಂಡ್‌ವಿಚ್‌ನ ಅರ್ಧವನ್ನು ಕೊಡುತ್ತಾಳೆ. ಇಬ್ಬರೂ ಹಿಂದೆ ಭೇಟಿಯಾದವರು, ಸಲಿಗೆಯಿದೆ, ನಗುವಿದೆ. ಅವಳು ನೇರವಾಗಿ ಕೊಲೆಯ ಬಗ್ಗೆ ಕೇಳುವುದಿಲ್ಲ. ಅಜ್ಜ ಹೇಗಿದ್ದರು, ಅಪ್ಪ ಹೇಗೆ, ಅಪ್ಪನಿಗೆ ಸಿಟ್ಟು ಬರುತ್ತದೆಯೇ, ಗಂಡಸು ಎಂದರೆ ನಿನ್ನ ಪಾಲಿಗೆ ಏನು ಎಂದು ಸುತ್ತು ಹಾಕಿ ಬರುತ್ತಾಳೆ. ಅಪ್ಪ ಒಮ್ಮೆ ಸಿಟ್ಟಿನಲ್ಲಿ ಹಿತ್ತಲಿನ ಶೆಡ್ಡನ್ನೇ ಕೆಡವಿದ ಸಂಗತಿ ಹೊರಬರುತ್ತದೆ. ತಾನು ಫುಟ್‌ಬಾಲ್ ಆಟದಲ್ಲಿ ಎಡವಿದಾಗ ಅಪ್ಪ ಮುಖ ತಿರುಗಿಸಿಕೊಳ್ಳುತ್ತಿದ್ದ ಸಂಗತಿಯೂ ಹೊರಬರುತ್ತದೆ, ಆದರೆ ಹುಡುಗ ಅದನ್ನು ದೂರಿನಂತೆ ಹೇಳುವುದಿಲ್ಲ. ಅಪ್ಪ ಕೆಟ್ಟವನೆಂದು ಅವನು ಎಲ್ಲಿಯೂ ಅನ್ನುವುದಿಲ್ಲ.

ಪ್ರಶ್ನೆಗಳು ಹುಡುಗಿಯರ ಕಡೆಗೆ ಹೊರಳಿದಂತೆ ಕೋಣೆಯ ಹವೆ ಬದಲಾಗುತ್ತದೆ. ಜೇಮೀ ಎದ್ದು ನಿಲ್ಲುತ್ತಾನೆ, ಕಿರುಚುತ್ತಾನೆ, ಚಾಕಲೇಟ್ ಲೋಟವನ್ನು ಬೀಸಿ ಚೆಲ್ಲುತ್ತಾನೆ. ಕುಳಿತ ಬ್ರಯೋನಿಯ ಮೇಲೆ ಬಾಗಿ ನಿಂತ ಆ ಹುಡುಗ ಒಂದು ಕ್ಷಣ ಮಗುವಾಗಿ ಉಳಿಯುವುದಿಲ್ಲ. ಮರುಕ್ಷಣವೇ ಕ್ಷಮೆ ಕೇಳುವ ಮಗುವಾಗುತ್ತಾನೆ. ಅವಳು ಹೊರಗೆ ಹೋಗಿ ಉಸಿರು ಸರಿಮಾಡಿಕೊಂಡು ಮತ್ತೆ ಒಳಗೆ ಬಂದು ಕೂರುತ್ತಾಳೆ. ತಾನು ಮಾಡಿಲ್ಲವೆಂದೇ ಸಾಧಿಸುತ್ತಿದ್ದ ಹುಡುಗ ಮಾತಿನ ಭರದಲ್ಲಿ ಒಪ್ಪಿಗೆಯ ಅಂಚಿಗೆ ಬಂದು ತಡವರಿಸುತ್ತಾನೆ. ಇದು ತನ್ನ ಕೊನೆಯ ಭೇಟಿ ಎಂದು ಅವಳು ಹೇಳಿದಾಗ ಅವನು ಕೇಳುವುದು ಒಂದೇ: ನಿನಗೆ ನಾನು ಇಷ್ಟವೇ? ಕಾವಲಿನವರು ಎಳೆದೊಯ್ಯುವಾಗಲೂ ಅದನ್ನೇ ಕೇಳುತ್ತಾನೆ. ಅವಳು ಉತ್ತರಿಸುವುದಿಲ್ಲ. ಅವನು ಹೋದ ಮೇಲೆ ಅವಳು ಒಬ್ಬಳೇ ಆ ಕೋಣೆಯಲ್ಲಿ, ಅವನು ಕಚ್ಚಿಟ್ಟ ಸ್ಯಾಂಡ್‌ವಿಚ್‌ನ ಎದುರು, ನಡುಗುತ್ತಾ ನಿಲ್ಲುತ್ತಾಳೆ.

ಕ್ಯಾಮೆರಾದ ಕೆಲಸವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ಕೇವಲ ಕೌಶಲ್ಯ ಪ್ರದರ್ಶನವಾಗಿದ್ದರೆ ಈ ಕಂತು ಇಷ್ಟು ಕಾಡುತ್ತಿರಲಿಲ್ಲ. ಸಾಮಾನ್ಯ ಧಾರಾವಾಹಿಯಲ್ಲಿ ಒಬ್ಬರು ಕಿರುಚಿದೊಡನೆ ಇನ್ನೊಬ್ಬರ ಮುಖಕ್ಕೆ ಕತ್ತರಿಸುತ್ತಾರೆ. ಆ ಕತ್ತರಿಯಲ್ಲಿ ನೋಡುವವರಿಗೂ ಒಂದು ಬಿಡುವು ಸಿಗುತ್ತದೆ. ಇಲ್ಲಿ ಆ ಬಿಡುವು ಇಲ್ಲ. ಮೇಜಿನ ಸುತ್ತ ನಿಧಾನವಾಗಿ ಸರಿಯುವ ಕ್ಯಾಮೆರಾ ಹುಡುಗನನ್ನು ಬಿಟ್ಟು ಅವಳನ್ನು, ಅವಳನ್ನು ಬಿಟ್ಟು ಹುಡುಗನನ್ನು ಹಿಡಿಯುತ್ತದೆ, ಮತ್ತು ಕೇಳುವುದು ಕೂಡ ಮೈಯಿಂದ ಮಾಡುವ ಕೆಲಸ ಎಂಬುದು ಅವಳ ಭುಜ, ಕೈ, ಗಂಟಲುಗಳಲ್ಲಿ ಕಾಣುತ್ತದೆ. ಒಂದೆಡೆ ಜೇಮೀ ಆಕಳಿಸುತ್ತಾನೆ, ‘ನಾನು ಬೇಜಾರು ಹಿಡಿಸುತ್ತಿದ್ದೇನೆಯೇ?’ ಎಂದು ಬ್ರಯೋನಿ ಕೇಳುತ್ತಾಳೆ. ಅದು ಬರಹದಲ್ಲಿ ಇರಲಿಲ್ಲ. ಹುಡುಗ ನಿಜವಾಗಿಯೇ ದಣಿದು ಆಕಳಿಸಿದ, ನಟಿ ಅದನ್ನು ಬಿಡದೆ ಹಿಡಿದಳು. ನಮ್ಮ ಜಗಲಿಯಲ್ಲಿದ್ದ ನಿವೃತ್ತ ಮುಖ್ಯೋಪಾಧ್ಯಾಯರು ಸ್ವತಃ ಹವ್ಯಾಸಿ ಅರ್ಥಧಾರಿಗಳು. ಎದುರಾಳಿ ಅನಿರೀಕ್ಷಿತವಾಗಿ ಆಡಿದ್ದನ್ನು ಆ ಕ್ಷಣವೇ ಪ್ರಸಂಗದೊಳಗೆ ತಂದುಕೊಳ್ಳಬಲ್ಲವನೇ ಅರ್ಥಧಾರಿ ಎಂದು ಅವರು ಅಂದದ್ದು ಸರಿಯಾಗಿತ್ತು.

ಚರ್ಚೆ ಮೊದಲು ಸಿಕ್ಕಿಕೊಂಡದ್ದು

ಕಂತಿನ ನಡುವೆ ಜೇಮೀ ತಾನು ಕುರೂಪಿ ಎಂದು ಹೇಳುತ್ತಾನೆ. ಹೇಳಿ ಕಾಯುತ್ತಾನೆ. ಬ್ರಯೋನಿ ‘ಇಲ್ಲಪ್ಪ, ನೀನು ಚೆನ್ನಾಗಿದ್ದೀಯ’ ಎನ್ನುವುದಿಲ್ಲ. ಹಾಗೆ ಏಕೆ ಅನ್ನಿಸುತ್ತದೆ ಎಂದು ಕೇಳುತ್ತಾಳೆ. ಅವಳು ಅಲ್ಲಗಳೆಯಲಿಲ್ಲ ಎಂಬುದೇ ಹುಡುಗನನ್ನು ಕೆರಳಿಸುತ್ತದೆ.

ಮೊದಲ ಮಾತು ಬಂದದ್ದು ತೋಟದ ಮನೆಯ ಒಬ್ಬ ತಾಯಿಯಿಂದ: “ಆ ಮಾಣಿಗೆ ಒಂದು ಒಳ್ಳೆ ಮಾತು ಹೇಳಿದ್ರೆ ಅವಳ ಗಂಟೇನು ಹೋಗ್ತಿತ್ತು?” ಬಹುತೇಕರು ತಲೆದೂಗಿದರು. ಮುಖ್ಯೋಪಾಧ್ಯಾಯರಂತೂ ಹುಡುಗನ ಸಿಟ್ಟಿಗೆ ಅರ್ಧ ಕಾರಣ ಆ ಹೆಂಗಸಿನ ತಣ್ಣನೆಯ ನಡವಳಿಕೆಯೇ ಎಂದರು. ಅಂಕೋಲೆ ಕಡೆಯ ದೈಹಿಕ ಶಿಕ್ಷಕರು ಮಾತ್ರ, “ಮಾಸ್ತರೇ, ಅವಳು ಅಲ್ಲಿಗೆ ಸಮಾಧಾನ ಹೇಳ್ಲಿಕ್ಕೆ ಬಂದವಳಲ್ಲ, ತೂಕ ನೋಡ್ಲಿಕ್ಕೆ ಬಂದವಳು” ಎಂದರು. ನನ್ನ ದೃಷ್ಟಿಯಲ್ಲಿ ಇಡೀ ಸಂಜೆಯ ಅತ್ಯಂತ ಬೆಲೆಯುಳ್ಳ ಮಾತು ಅದು, ಏಕೆಂದರೆ ಕಂತಿನ ಕೀಲು ಅಲ್ಲಿಯೇ ಇದೆ.

ಬ್ರಯೋನಿ ಚಿಕಿತ್ಸಕಿಯಾಗಿ ಅಲ್ಲಿಗೆ ಬಂದಿಲ್ಲ. ತನ್ನ ಮೇಲಿನ ಆರೋಪವನ್ನು, ಅದರ ಪರಿಣಾಮವನ್ನು ಹುಡುಗ ಎಷ್ಟರಮಟ್ಟಿಗೆ ಗ್ರಹಿಸಿದ್ದಾನೆ ಎಂಬುದನ್ನು ನ್ಯಾಯಾಲಯಕ್ಕೆ ತಿಳಿಸುವುದು ಅವಳ ಹೊಣೆ. ಅವಳು ಒಂದು ಸಿಹಿಮಾತು ಆಡಿದರೆ, ಆಮೇಲೆ ಹುಡುಗ ಆಡುವುದೆಲ್ಲ ಆ ಸಿಹಿಮಾತನ್ನು ಮತ್ತೊಮ್ಮೆ ಪಡೆಯುವುದಕ್ಕಾಗಿ ಆಡಿದ್ದಾಗಿಬಿಡುತ್ತದೆ. ಅವನು ಎದುರಿಗಿರುವ ಹಿರಿಯರನ್ನು ಮೆಚ್ಚಿಸಿ, ಹೆದರಿಸಿ, ಮರುಕ ಹುಟ್ಟಿಸಿ ತನಗೆ ಬೇಕಾದದ್ದನ್ನು ಪಡೆಯಬಲ್ಲ ಜಾಣ. ಹಾಗೆ ಪಡೆಯಲಾಗದ ಒಬ್ಬರ ಎದುರು ಕುಳಿತಾಗ ಮಾತ್ರ ಅವನೊಳಗಿನದು ಹೊರಗೆ ಬರುತ್ತದೆ. ಈ ಕಾರಣಕ್ಕೆ ಅವಳ ಮೌನವನ್ನು ನಾನು ತಣ್ಣನೆಯದು ಎನ್ನಲಾರೆ. ಸಂತೈಸಬೇಕೆಂಬ ಆಸೆ ಅವಳಿಗೂ ಇದೆ, ಚಾಕಲೇಟ್ ತಂದದ್ದು ಅದಕ್ಕೆ ಸಾಕ್ಷಿ. ಆ ಆಸೆಯನ್ನು ತಡೆದುಕೊಂಡು ಕೂರುವುದಕ್ಕೆ ಅವಳು ತೆರುವ ಬೆಲೆ ಕೊನೆಯ ನಡುಕದಲ್ಲಿ ಕಾಣುತ್ತದೆ.

ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ. ವಿಚಾರಣೆಗೆ ಅಷ್ಟು ಕಠಿಣತೆ ಬೇಕೆಂದಾದರೂ, ಕೊನೆಯಲ್ಲಿ ಹುಡುಗ ಅಳುತ್ತಾ ಕೇಳಿದಾಗಲಾದರೂ ಒಂದು ಮಾತು ಹೇಳಬಹುದಿತ್ತು ಎಂಬುದು ಅವರ ನಿಲುವು. ಆ ನಿಲುವಿನ ಹಿಂದಿರುವ ಕರುಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಇನ್ನೆಂದೂ ಭೇಟಿಯಾಗದ ಮಗುವಿಗೆ ‘ಹೌದು, ನೀನು ನನಗೆ ಇಷ್ಟ’ ಎಂದು ಹೇಳಿ ಬಾಗಿಲು ಹಾಕಿಕೊಳ್ಳುವುದರಿಂದ ಹಗುರವಾಗುವುದು ಹೇಳಿದವರ ಮನಸ್ಸೇ ಹೊರತು ಕೇಳಿದವನದಲ್ಲ.

‘ನಾನು ಮುಟ್ಟಲಿಲ್ಲವಲ್ಲ’

ಕೇಟೀಯ ಅರೆಬೆತ್ತಲೆ ಚಿತ್ರವೊಂದು ಶಾಲೆಯ ಹುಡುಗರ ಫೋನುಗಳಲ್ಲಿ ಹರಿದಾಡಿತ್ತು. ಎಲ್ಲರೂ ಅವಳನ್ನು ಹೀಯಾಳಿಸುತ್ತಿದ್ದಾಗ, ಅವಳು ಸೋತು ಮೆತ್ತಗಾಗಿರುವ ಹೊತ್ತು ಎಂದು ಲೆಕ್ಕ ಹಾಕಿ, ಜೇಮೀ ಅವಳನ್ನು ಜಾತ್ರೆಗೆ ಕರೆಯುತ್ತಾನೆ. ಅವಳು ನಿರಾಕರಿಸುತ್ತಾಳೆ, ಆಮೇಲೆ ಅವನ ಇನ್‌ಸ್ಟಾಗ್ರಾಂ ಚಿತ್ರಗಳ ಕೆಳಗೆ ಇಮೋಜಿಗಳಲ್ಲಿ ಅಣಕಿಸುತ್ತಾಳೆ. ಹೆಣ್ಣಿನ ಪ್ರೀತಿ ತನಗೆ ದಕ್ಕದು, ಆ ತಪ್ಪು ಹೆಣ್ಣುಗಳದೇ ಎಂದು ನಂಬುವ ಗಂಡಸರ ಗುಂಪಿಗೆ ಇವನೂ ಸೇರಿದವನು ಎಂಬುದು ಆ ಅಣಕದ ತಿರುಳು. ಶೇಕಡ 80ರಷ್ಟು ಹೆಂಗಸರು ಶೇಕಡ 20ರಷ್ಟು ಗಂಡಸರನ್ನಷ್ಟೇ ಬಯಸುತ್ತಾರೆ ಎಂಬ, ಆ ಗುಂಪಿನವರು ಹರಡುವ ಆಧಾರವಿಲ್ಲದ ಲೆಕ್ಕವನ್ನು ಹದಿಮೂರರ ಈ ಹುಡುಗ ನಂಬಿದ್ದಾನೆ.

ಇದಕ್ಕಿಂತ ಭಯಂಕರವಾದ ಮಾತು ಆಮೇಲೆ ಬರುತ್ತದೆ. ಆ ರಾತ್ರಿ ತನ್ನ ಕೈಯಲ್ಲಿ ಚಾಕು ಇತ್ತು, ಬೇಕಾಗಿದ್ದರೆ ಅವಳ ಮೈಯನ್ನು ಎಲ್ಲಿ ಬೇಕಾದರೂ ಮುಟ್ಟಬಹುದಿತ್ತು, ಬೇರೆ ಹುಡುಗರಾಗಿದ್ದರೆ ಮುಟ್ಟುತ್ತಿದ್ದರು, ತಾನು ಮುಟ್ಟಲಿಲ್ಲ. ಹಾಗಾದರೆ ತಾನು ಅವರಿಗಿಂತ ಮೇಲಲ್ಲವೇ ಎಂದು ಜೇಮೀ ಕೇಳುತ್ತಾನೆ. ಜಗಲಿಯಲ್ಲಿ ಈ ಮಾತಿಗೆ ಯಾರೂ ತಕ್ಷಣ ಪ್ರತಿಕ್ರಿಯಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕನ್ನಡ ಕಲಿಸುವ ಅಕ್ಕೋರು ಮಾತಾಡಿದರು. ಹುಡುಗಿಯ ಮೈ ಎಂಬುದು ಕೈಗೆಟುಕಿದರೆ ತೆಗೆದುಕೊಳ್ಳುವ ವಸ್ತು, ತೆಗೆದುಕೊಳ್ಳದೆ ಬಿಟ್ಟದ್ದು ಉಪಕಾರ ಎಂಬ ಲೆಕ್ಕವನ್ನು ಈ ಹುಡುಗ ಒಂಟಿಯಾಗಿ ಕೂತು ಕಂಡುಹಿಡಿದದ್ದಲ್ಲ, ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ತಾನೂ ಅದರ ತುಣುಕುಗಳನ್ನು ಕೇಳಿದ್ದೇನೆ ಎಂದರು. ಅವರೇ ಇನ್ನೊಂದು ಕೊರತೆಯನ್ನೂ ಎತ್ತಿ ತೋರಿಸಿದರು: ಅಷ್ಟು ಹೊತ್ತಿನ ಚರ್ಚೆಯಲ್ಲಿ ಜೇಮೀಯ ಹೆಸರು ಎಷ್ಟೋ ಬಾರಿ ಬಂದಿತ್ತು, ಸತ್ತ ಹುಡುಗಿಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಎರಡನೆಯ ಕಂತಿನಲ್ಲಿ ಪೊಲೀಸ್ ಅಧಿಕಾರಿಯೊಬ್ಬಳು ಇದನ್ನೇ ನೋವಿನಿಂದ ಹೇಳುತ್ತಾಳೆ. ಜೇಮೀಯನ್ನು ಎಲ್ಲರೂ ನೆನಪಿಡುತ್ತಾರೆ, ಕೇಟೀಯನ್ನು ಯಾರೂ ನೆನಪಿಡುವುದಿಲ್ಲ ಎಂದು. ಸರಣಿ ಈ ಕೊರತೆಯನ್ನು ಗುರುತಿಸುತ್ತದೆ, ಆದರೆ ತುಂಬುವುದಿಲ್ಲ. ಕೇಟೀ ಯಾರು, ಅವಳ ಮನೆಯಲ್ಲಿ ಏನಾಯಿತು ಎಂಬುದು ನಾಲ್ಕು ಕಂತುಗಳಲ್ಲಿಯೂ ಬರುವುದಿಲ್ಲ. ಇದನ್ನು ನಾನು ಸರಣಿಯ ನಿಜವಾದ ಮಿತಿಯೆಂದೇ ಎಣಿಸುತ್ತೇನೆ.

ಚಿತ್ರ ಹರಿದಾಡಿದ ಭಾಗವನ್ನು ಪಾಲಕರು ‘ಅಲ್ಲಿಯ ಕಥೆ’ ಎಂದು ದಾಟಿಹೋಗುತ್ತಿದ್ದರು. ಹಾಗಾಗಿ ಇಲ್ಲಿಯ ಕಾನೂನನ್ನು ಹೇಳಬೇಕಾಯಿತು. ಹದಿನೆಂಟು ತುಂಬದ ಮಗುವಿನ ಅಂಥ ಚಿತ್ರವನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಡಿಯಲ್ಲಿಯೂ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯಿದೆಯಡಿಯಲ್ಲಿಯೂ ಅಪರಾಧ. ಇನ್ನೊಬ್ಬರು ಕಳಿಸಿದ್ದನ್ನು ಅಳಿಸದೆ, ದೂರನ್ನೂ ಕೊಡದೆ ಫೋನಿನಲ್ಲಿ ಉಳಿಸಿಕೊಂಡವರೂ ಪೋಕ್ಸೋ ಕಾಯಿದೆಯ 15ನೇ ಕಲಮಿಗೆ ಸಿಲುಕಬಹುದು ಎಂಬುದನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ವಿವರಿಸಿದೆ. ಆಗ ತಮ್ಮ ಊರಿನ ಒಂದು ಪ್ರಸಂಗ ಒಬ್ಬರ ಬಾಯಿಗೆ ಬಂತು, ಒಂದು ಮಗುವಿನ ಮನೆತನದ ಗುರುತು ಹೊರಬೀಳುವುದರಲ್ಲಿತ್ತು. ಅಲ್ಲಿಯೇ ತಡೆದೆ. ಬಾಲನ್ಯಾಯ ಕಾಯಿದೆಯ 74ನೇ ಕಲಮು ಸಂತ್ರಸ್ತ ಮಗುವಿಗೂ ಆರೋಪಿ ಮಗುವಿಗೂ ಸಮನಾಗಿ ಗುರುತಿನ ರಕ್ಷಣೆ ಕೊಡುತ್ತದೆ. ಆ ಕಲಮು ಹೆಸರಿಸುವುದು ಪತ್ರಿಕೆ ಮತ್ತಿತರ ಮಾಧ್ಯಮಗಳನ್ನಾದರೂ, ಒಂದು ಜಗಲಿಯಲ್ಲಿ ಆಡಿದ ಹೆಸರು ಮಾರನೆಯ ದಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುವ ಕಾಲವಿದು.

ಇದೇ ಹುಡುಗ ನಮ್ಮಲ್ಲಿದ್ದಿದ್ದರೆ

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬ ತಂದೆ, ಇಂಥ ಕೊಲೆ ನಮ್ಮಲ್ಲಾದರೆ ಏನಾಗುತ್ತದೆ ಎಂದು ಕೇಳಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹತ್ತು ವರ್ಷ ತುಂಬಿದ ಮಗುವಿನ ಮೇಲೆ ಅಪರಾಧದ ಹೊಣೆ ಹೊರಿಸಬಹುದು. ಕೊಲೆಯ ಆರೋಪವಾದರೆ ಹದಿಮೂರರವನೂ ವಯಸ್ಕರ ದೊಡ್ಡ ನ್ಯಾಯಾಲಯದಲ್ಲಿಯೇ ನಿಲ್ಲಬೇಕು, ಸಾಬೀತಾದರೆ ಅವಧಿ ಗೊತ್ತುಪಡಿಸದ ಬಂಧನ ಕಡ್ಡಾಯ. ನಮ್ಮಲ್ಲಿ 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಹದಿಮೂರರ ಹುಡುಗ ಏನೇ ಮಾಡಿದ್ದರೂ ಅವನ ವಿಚಾರಣೆ ನಡೆಯುವುದು ಬಾಲನ್ಯಾಯ ಮಂಡಳಿಯ ಮುಂದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಇರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಅವನನ್ನು ಪೊಲೀಸ್ ಲಾಕಪ್ಪಿನಲ್ಲಿಯೂ ಜೈಲಿನಲ್ಲಿಯೂ ಇಡುವಂತಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಗುವಿನೊಂದಿಗೆ ವ್ಯವಹರಿಸುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಕೈಕೋಳ ಹಾಕಬಾರದು ಎಂದು ನಿಯಮಗಳಿವೆ. ಬಂದೂಕು ಹಿಡಿದು ಮನೆಯ ಬಾಗಿಲು ಒಡೆಯುವ ಮೊದಲ ಕಂತಿನ ದೃಶ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತಪ್ಪು ಸಾಬೀತಾದರೂ ಹದಿಮೂರರ ಮಗುವನ್ನು, ತಪ್ಪು ಮಾಡಿದ ಮಕ್ಕಳನ್ನಿಟ್ಟು ತಿದ್ದುವ ವಿಶೇಷ ಗೃಹದಲ್ಲಿ ಇಡಬಹುದಾದ ಗರಿಷ್ಠ ಅವಧಿ ಮೂರು ವರ್ಷ.

“ಮೂರೇ ವರ್ಷವಾ?” ಎಂದರು ಆ ತಂದೆ. ಅವರಿಗೂ ಎಂಟನೆಯ ತರಗತಿಯಲ್ಲಿ ಓದುವ ಮಗಳಿದ್ದಾಳೆ. ಅವರ ಪ್ರಶ್ನೆಯಲ್ಲಿ ಸೇಡು ಇರಲಿಲ್ಲ, ಕೇಟೀಯ ತಂದೆಯ ಜಾಗದಲ್ಲಿ ತಮ್ಮನ್ನು ನಿಲ್ಲಿಸಿಕೊಂಡು ಕೇಳಿದ ಪ್ರಶ್ನೆ ಅದು. ಮೂರು ವರ್ಷ ಸಾಕೇ ಸಾಲದೇ ಎಂಬುದಕ್ಕೆ ಆ ಜಗಲಿಯಲ್ಲಿ ಒಮ್ಮತ ಬರಲಿಲ್ಲ, ಬರಬೇಕೆಂದು ನಾನು ಒತ್ತಾಯಿಸಲೂ ಇಲ್ಲ. ಆ ಮೂರು ವರ್ಷಗಳಲ್ಲಿ ಮಗುವಿನ ಎದುರು ಯಾರು ಕುಳಿತು, ಏನು ಕೇಳುತ್ತಾರೆ ಎಂಬುದು ನನ್ನ ಪಾಲಿಗೆ ಅವಧಿಗಿಂತ ಮುಖ್ಯವಾದದ್ದು.

ಕಾನೂನು ಇದನ್ನು ಮರೆತಿಲ್ಲ. ಮಗು ಮಂಡಳಿಯ ಮುಂದೆ ಬಂದ ಹದಿನೈದು ದಿನಗಳೊಳಗೆ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಅವನ ಮನೆ, ಶಾಲೆ, ಗೆಳೆಯರು, ಸ್ವಭಾವ ಎಲ್ಲವನ್ನೂ ತಿಳಿದು ಸಾಮಾಜಿಕ ತನಿಖಾ ವರದಿ ಕೊಡಬೇಕು. ಹದಿನಾರು ತುಂಬಿದವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಇನ್ನೊಂದು ಹಂತವಿದೆ. ಅವರನ್ನು ವಯಸ್ಕರಂತೆ ವಿಚಾರಣೆಗೆ ಒಪ್ಪಿಸಬೇಕೇ ಎಂದು ನಿರ್ಧರಿಸುವ ಮೊದಲು, ಬಾಲನ್ಯಾಯ ಕಾಯಿದೆಯ 15ನೇ ಕಲಮಿನಡಿ, ಆ ಕೃತ್ಯವನ್ನು ಮಾಡುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಅದರ ಪರಿಣಾಮವನ್ನು ಗ್ರಹಿಸುವ ಶಕ್ತಿ, ಕೃತ್ಯ ನಡೆದ ಸನ್ನಿವೇಶ ಇವುಗಳ ಪ್ರಾಥಮಿಕ ಮೌಲ್ಯಮಾಪನ ನಡೆಯಬೇಕು. ಇದು ವಿಚಾರಣೆಯಲ್ಲ ಎಂದು ಕಾಯಿದೆಯೇ ಸ್ಪಷ್ಟಪಡಿಸಿದೆ. ಮಂಡಳಿ ಮನಶ್ಶಾಸ್ತ್ರಜ್ಞರ ನೆರವು ಪಡೆಯಬಹುದು ಎಂದಷ್ಟೇ ಕಾಯಿದೆಯಲ್ಲಿತ್ತು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯದ ಪದವಿ ಪಡೆದು ವೃತ್ತಿಯಲ್ಲಿರುವವರು ಇಲ್ಲದಿದ್ದಾಗ ಆ ನೆರವು ಕಡ್ಡಾಯ ಎಂದು 2022ರ ಜುಲೈ 13ರಂದು ಸುಪ್ರೀಂ ಕೋರ್ಟ್ ಹೇಳಿತು. ಹರಿಯಾಣದ ಒಂದು ಶಾಲೆಯಲ್ಲಿ 2017ರಲ್ಲಿ ಚಿಕ್ಕ ಬಾಲಕನೊಬ್ಬನ ಕೊಲೆಯಾಗಿ, ಹದಿನಾರು ತುಂಬಿದ್ದ ವಿದ್ಯಾರ್ಥಿಯ ಮೇಲೆ ಆರೋಪ ಬಂದ ಪ್ರಕರಣ ಅದು.

ಬ್ರಯೋನಿ ಮಾಡುವ ಕೆಲಸ ಇದಕ್ಕೆ ಬಹಳ ಹತ್ತಿರದ್ದು. ಈ ಮೌಲ್ಯಮಾಪನವನ್ನು ಒಂದು ಬುದ್ಧಿಮಟ್ಟದ ಪರೀಕ್ಷೆ, ಒಂದಷ್ಟು ಪ್ರಶ್ನೆ, ‘ಮಾಡಿದ್ದು ತಪ್ಪೆಂದು ಗೊತ್ತಿತ್ತೇ’ ಎಂಬುದಕ್ಕೆ ‘ಗೊತ್ತಿತ್ತು’ ಎಂಬ ಉತ್ತರ, ಇಷ್ಟರಲ್ಲಿ ಮುಗಿಸಲು ಹೊರಟವರು ಈ ಕಂತನ್ನು ನೋಡಬೇಕು. ಕೊಲ್ಲುವುದು ತಪ್ಪು ಎಂಬುದು ಜೇಮೀಗೆ ಗೊತ್ತು. ಸತ್ತವರು ತಿರುಗಿ ಬರುವುದಿಲ್ಲ ಎಂಬುದೂ ಗೊತ್ತು. ಹೀಗಿದ್ದೂ, ಕೇಟೀ ಎಂಬ ಒಬ್ಬಳು ಇದ್ದಳು, ಅವಳಿಗೆ ಅವಳದೇ ಆದ ಬದುಕು ಇತ್ತು ಎಂಬುದು ಅವನ ಮಾತಿನಲ್ಲಿ ಎಲ್ಲಿಯೂ ಕಾಣುವುದಿಲ್ಲ; ಕಾಣುವುದು ತನಗಾದ ಅವಮಾನ ಮಾತ್ರ. ಗೊತ್ತಿರುವುದಕ್ಕೂ ಗ್ರಹಿಸುವುದಕ್ಕೂ ನಡುವಿನ ಈ ಅಂತರವನ್ನು ಬ್ರಯೋನಿ ಅಜ್ಜನ ಬಗ್ಗೆ, ಅಪ್ಪನ ಬಗ್ಗೆ, ಹುಡುಗಿಯರ ಬಗ್ಗೆ ಕೇಳಿ ಕೇಳಿ, ಅವನ ಸಿಟ್ಟನ್ನು ಸಹಿಸಿ, ಒಂದಕ್ಕಿಂತ ಹೆಚ್ಚು ಭೇಟಿಗಳಲ್ಲಿ ಕಂಡುಕೊಳ್ಳುತ್ತಾಳೆ. ಒಬ್ಬ ಪರಿವೀಕ್ಷಣಾಧಿಕಾರಿಯ ಅಥವಾ ಮನಶ್ಶಾಸ್ತ್ರಜ್ಞರ ಕೈಗೆ ಮಗುವಿನ ಮುಂದಿನ ಬದುಕನ್ನು ಒಪ್ಪಿಸುವ ವ್ಯವಸ್ಥೆ, ಅವರಿಗೆ ಅಷ್ಟು ಸಮಯವನ್ನೂ ಆ ಕೆಲಸ ಮುಗಿದ ಮೇಲೆ ನಡುಗುವುದಕ್ಕೆ ಒಂದು ಜಾಗವನ್ನೂ ಕೊಡಲೇಬೇಕು.

ತಂದೆಯಂದಿರ ಮಾತು

ಚರ್ಚೆ ಮತ್ತೆ ಮೈದಾನಕ್ಕೆ ಬಂದದ್ದು ದೈಹಿಕ ಶಿಕ್ಷಕರಿಂದ. ತಾಲೂಕು ಮಟ್ಟದ ವಾಲಿಬಾಲ್, ಕಬಡ್ಡಿ ಪಂದ್ಯಗಳಲ್ಲಿ ಮಗ ತಪ್ಪು ಮಾಡಿದೊಡನೆ ಬೈಯುವ ತಂದೆಯರನ್ನು ಹೇಗೋ ಸುಧಾರಿಸಬಹುದು, ಏನೂ ಅನ್ನದೆ ಎದ್ದು ಚಹಾದಂಗಡಿಯ ಕಡೆ ಹೋಗುವವರ ಮಕ್ಕಳು ಮರುವರ್ಷ ಆಟಕ್ಕೇ ಬರುವುದಿಲ್ಲ ಎಂದರು. ಜೇಮೀಯ ತಂದೆ ಕೊಳಾಯಿ ಕೆಲಸದ ಶ್ರಮಜೀವಿ. ತನ್ನ ಅಪ್ಪನಿಂದ ಬೆಲ್ಟಿನ ಏಟು ತಿಂದು, ತನ್ನ ಮಕ್ಕಳ ಮೇಲೆ ಕೈ ಮಾಡಲಾರೆನೆಂದು ನಿಶ್ಚಯಿಸಿ, ಆ ನಿಶ್ಚಯವನ್ನು ಉಳಿಸಿಕೊಂಡವನು. ಮಗ ಆಟದಲ್ಲಿ ಸೋತಾಗ ಅವನನ್ನು ನೋಡಲಾರದೆ ಹೋದೆ ಎಂದು ನಾಲ್ಕನೆಯ ಕಂತಿನಲ್ಲಿ ಅವನೇ ಹೇಳಿಕೊಳ್ಳುತ್ತಾನೆ. ತಂದೆ ಮುಖ ತಿರುಗಿಸಿದ್ದರಿಂದ ಮಗ ಕೊಲೆಗಾರನಾದ ಎಂಬ ಸರಳ ಕಾರಣವನ್ನು ಸರಣಿ ಹೇಳುವುದಿಲ್ಲ, ಹಾಗೆ ಓದುವುದು ಆ ತಂದೆಗೂ ಅಂಥ ಸಾವಿರಾರು ತಂದೆಯರಿಗೂ ಮಾಡುವ ಅನ್ಯಾಯ. ಜೇಮೀಯನ್ನು ನೋಡಬೇಕಾಗಿದ್ದ ಕಣ್ಣುಗಳು ಬೇರೆಡೆ ಇದ್ದಾಗ ಅವನು ನೋಡುವವರನ್ನು ಫೋನಿನಲ್ಲಿ ಹುಡುಕಿಕೊಂಡ ಎಂಬಲ್ಲಿಗೆ ಮಾತ್ರ ನಾನು ಬರಬಲ್ಲೆ. ಮಂಡಿಯ ತಂದೆ ಇದನ್ನು ಕೇಳಿ, ಮಗಳ ಬಗ್ಗೆ ಹೆದರಿ ಬಂದವನು ಮಗನ ಬಗ್ಗೆ ಯೋಚಿಸುತ್ತಾ ಹೋಗುತ್ತೇನೆ ಎಂದರು. ಅವರಿಗೆ ಆರನೆಯ ತರಗತಿಯ ಮಗನೂ ಇದ್ದಾನೆ.

ಮಕ್ಕಳಿಗೆ ತೋರಿಸಬಹುದೇ?

ಬ್ರಿಟನ್ನಿನಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ 2025ರ ಮಾರ್ಚ್ 31ರಂದು ಸರಣಿಯ ತಯಾರಕರನ್ನು ಕರೆದು ಮಾತನಾಡಿದರು, ಪ್ರೌಢಶಾಲೆಗಳಲ್ಲಿ ಅದನ್ನು ಉಚಿತವಾಗಿ ತೋರಿಸುವ ಏರ್ಪಾಡೂ ಆಯಿತು. ಹಾಗಿದ್ದರೆ ನಮ್ಮ ಎಂಟನೆಯ ತರಗತಿಗೂ ತೋರಿಸೋಣ ಎಂದು ಇಬ್ಬರು ಶಿಕ್ಷಕರು ಉತ್ಸಾಹ ತೋರಿದರು. ನಾನು ಒಪ್ಪಲಿಲ್ಲ. ಜೇಮೀಯ ವಯಸ್ಸಿನ ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿ ಈ ಕಂತನ್ನು ತೋರಿಸಿ, ಗಂಟೆ ಬಾರಿಸಿದೊಡನೆ ಗಣಿತದ ತರಗತಿಗೆ ಕಳಿಸಿದರೆ, ತನ್ನನ್ನು ಜೇಮೀಯಲ್ಲಿ ಕಂಡ ಹುಡುಗನೂ ಕೇಟೀಯಲ್ಲಿ ಕಂಡ ಹುಡುಗಿಯೂ ಆ ಮಾತನ್ನು ಯಾರ ಬಳಿಗೆ ಒಯ್ಯಬೇಕು? ತೋರಿಸುವುದೇ ಆದರೆ ಸಣ್ಣ ಗುಂಪಿನಲ್ಲಿ, ಪಾಲಕರ ಒಪ್ಪಿಗೆಯೊಡನೆ, ಕೇಳಲು ಬಲ್ಲ ಒಬ್ಬರು ಮುಂದಿನ ವಾರಗಳಲ್ಲಿಯೂ ಶಾಲೆಯಲ್ಲಿ ಸಿಗುವಂತೆ ನೋಡಿಕೊಂಡು ತೋರಿಸಬೇಕು. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಈ ಎರಡು ಸಂಖ್ಯೆಗಳನ್ನು ಅಲ್ಲಿದ್ದ ಶಿಕ್ಷಕರೆಲ್ಲ ಬರೆದುಕೊಂಡರು. ತರಗತಿಯ ಗೋಡೆಯ ಮೇಲೆ ಅವು ಇರುವುದು ಕಂತನ್ನು ತೋರಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಮಕ್ಕಳಿಗಿಂತ ಮೊದಲು ತಂದೆಯಂದಿರು ನೋಡಬೇಕು ಎಂದು ಅಕ್ಕೋರು ಸೂಚಿಸಿದರು. ಅಂದು ಬಂದಿದ್ದ ಪಾಲಕರಲ್ಲಿ ಹೆಚ್ಚಿನವರು ತಾಯಂದಿರೇ ಆಗಿದ್ದರು. ನಾಲ್ಕನೆಯ ಕಂತನ್ನು ತಂದೆಯಂದಿರಿಗಾಗಿಯೇ ತೋರಿಸುವುದೆಂದೂ, ಅವರನ್ನು ಕರೆತರುವ ಹೊಣೆ ದೈಹಿಕ ಶಿಕ್ಷಕರದೆಂದೂ ಗೊತ್ತಾಯಿತು. ಅಡಿಕೆ ಕೊಯ್ಲು ಶುರುವಾದರೆ ಯಾರೂ ಸಿಗುವುದಿಲ್ಲ, ಅದಕ್ಕಿಂತ ಮೊದಲೇ ದಿನ ನಿಶ್ಚಯಿಸಬೇಕೆಂದು ಮಂಡಿಯ ತಂದೆ ಹೇಳಿದರು. ಮುಖ್ಯೋಪಾಧ್ಯಾಯರು ತಮ್ಮ ಜಗಲಿಯನ್ನೇ ಕೊಡಲು ಒಪ್ಪಿದರು. ಬ್ರಯೋನಿಯ ಮೌನದ ಬಗ್ಗೆ ತಮ್ಮ ವಾದ ಇನ್ನೂ ಮುಗಿದಿಲ್ಲ, ಅದನ್ನು ಅಂದು ಮುಂದುವರಿಸುವುದಾಗಿಯೂ ತಿಳಿಸಿದರು.